ಗುರುತಿಸುವುದು ಯಾವಾಗ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಯುವ ಸಾಧಕರ ಸನ್ಮಾನಕ್ಕೆ ಮೊದಲು ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಅಚ್ಚಾಗಿರುವ ವಿಷಯ ‘ನಗರಗಳಲ್ಲಿ ಬೆಳೆಯುತ್ತಿರುವ ಯುವ ನಾಯಕರು ಮತ್ತು ವೃತ್ತಿಪರರು’. ಇನ್ನು ಸ್ವಲ್ಪ ಹೊತ್ತಿಗೆ ಈ ವೇದಿಕೆಯ ಮೇಲೆ ನಮ್ಮ ಶಾಲೆಯ ಕೆಲವು ಯುವಕ ಯುವತಿಯರಿಗೆ ಸನ್ಮಾನ ಇದೆ. ಪಟ್ಟಿ ನೋಡಿದೆ. ಬಹುಪಾಲು ಎಲ್ಲರೂ ಬೆಂಗಳೂರಿನಲ್ಲಿ ಇರುವವರು. ನಾನೂ ಬೆಂಗಳೂರಿಗೆ ಹೋಗಿ ಮೂವತ್ತು ವರ್ಷ ದಾಟಿತು, ಬ್ಯಾಂಕಿನ ಕೆಲಸ. ಹಾಗಾಗಿ ಅವರ ಪರವಾಗಿ ಮಾತಾಡಲು ಇವನೇ ಸರಿ ಎಂದು ಸಮಿತಿಯವರಿಗೆ ಅನಿಸಿರಬೇಕು. ವಿಷಯವನ್ನು ನಾನು ಒಂದಿಷ್ಟು ನಮ್ಮ ಕಡೆಗೆ ತಿರುಗಿಸಿಕೊಂಡರೆ ತಪ್ಪು ತಿಳಿಯಬಾರದು.

ಕನ್ನಡದಲ್ಲಿ ‘ಗುರುತಿಸುವುದು’ ಎಂಬ ಮಾತಿಗೆ ಎರಡು ಅರ್ಥ ಇದೆ. ಬಸ್ ನಿಲ್ದಾಣದಲ್ಲಿ ಇಪ್ಪತ್ತು ವರ್ಷದ ಮೇಲೆ ಸಿಕ್ಕವರ ಮುಖ ನೋಡಿ ‘ಓ, ನೀನು ಇಂಥವರ ಮಗ ಅಲ್ವನಾ’ ಅನ್ನುವುದು ಒಂದು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸುವುದು ಇನ್ನೊಂದು. ಮೊದಲನೆಯದಕ್ಕೆ ಖರ್ಚಿಲ್ಲ, ಆದರೆ ಕಣ್ಣು ಬೇಕು. ಎರಡನೆಯದಕ್ಕೆ ಕಣ್ಣು ಇಲ್ಲದಿದ್ದರೂ ನಡೆಯುತ್ತದೆ, ಪಟ್ಟಿ ಇದ್ದರೆ ಸಾಕು. ಇವತ್ತು ನಾನು ಹೇಳಬೇಕೆಂದಿರುವುದು ಈ ಮೊದಲನೆಯ ಗುರುತಿನ ಬಗ್ಗೆ.

ನಮ್ಮೂರಿನವರಿಗೆ ಈ ಮಾತು ಹೊಸದಲ್ಲ. ಈ ಊರಿನ ದೇವರೇ ಒಬ್ಬ ಯುವ ಸಾಧಕ! ನಗಬೇಡಿ, ಕಥೆ ನಿಮಗೆಲ್ಲ ಗೊತ್ತಿರುವುದೇ. ವಿಭಾಂಡಕರ ಮಗ ಋಷ್ಯಶೃಂಗ ಕಾಡಿನ ಆಶ್ರಮದಲ್ಲಿ ಬೆಳೆದವನು, ತಂದೆಯ ಹೊರತು ಬೇರೆ ಮನುಷ್ಯರ ಮುಖ ನೋಡದವನು. ಅಂಗದೇಶಕ್ಕೆ ಬರ ಬಂತು. ಈ ಹುಡುಗ ಕಾಲಿಟ್ಟರೆ ಮಳೆಯಾಗುತ್ತದೆ ಎಂದು ರೋಮಪಾದ ರಾಜನಿಗೆ ಯಾರೋ ಹೇಳಿದರು. ಉಪಾಯ ಮಾಡಿ ಕರೆಸಿಕೊಂಡರು, ಮಳೆ ಬಂತು, ರಾಜ ತನ್ನ ಮಗಳು ಶಾಂತೆಯನ್ನು ಕೊಟ್ಟು ಮದುವೆ ಮಾಡಿದ. ಅಂದರೆ ಕಾಡಿನಲ್ಲಿದ್ದ ಹುಡುಗನ ಶಕ್ತಿಯನ್ನು ದೂರದ ರಾಜಧಾನಿ ಮೊದಲು ಗುರುತಿಸಿತು. ಬರ ಬಂದಿದ್ದು ಅವರಿಗೆ, ಹಾಗಾಗಿ ಹುಡುಕುವ ಗರಜು ಇದ್ದಿದ್ದೂ ಅವರಿಗೆ. ಆದರೆ ನಮ್ಮ ಹಿರಿಯರು ಕಥೆಯನ್ನು ಅಲ್ಲಿಗೆ ಬಿಡಲಿಲ್ಲ. ಶಾಂತೆಯೊಡನೆ ಆತ ಇಲ್ಲಿಗೇ ಬಂದು ನೆಲೆಸಿದ ಎಂದರು. ಈಗ ಮಳೆ ಬೇಕೆಂದರೂ, ಮಳೆ ನಿಲ್ಲಬೇಕೆಂದರೂ, ರಾಜಧಾನಿಯಿಂದ ಮಂತ್ರಿಗಳೇ ಕಿಗ್ಗಕ್ಕೆ ಬರುತ್ತಾರೆ.

ನಗರದಲ್ಲಿ ಈ ಹುಡುಕುವ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಅಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇದೆ. ಹಳೆಯದು ಅಂದರೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಹೆಸರು ಕೇಳಿರುವ ಜೇಸಿ. 1915ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ಹೆನ್ರಿ ಗೀಸನ್‌ಬಿಯರ್ ಎಂಬ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹುಡುಗ ಶುರು ಮಾಡಿದ್ದು ಅದು. (ಬ್ಯಾಂಕಿನವರು ಬರೀ ಸಾಲ ವಸೂಲಿ ಮಾಡುವವರಲ್ಲ ಅಂತ ನಿಮಗೆ ಗೊತ್ತಾಗಲಿ.) ಅದಕ್ಕೆ ಮೊದಲು ಅವನೂ ಅವನ ಗೆಳೆಯರೂ ಕಟ್ಟಿಕೊಂಡಿದ್ದು ನೃತ್ಯದ ಕ್ಲಬ್. ಕುಣಿದು ಮುಗಿದ ಮೇಲೆ ಊರಿಗೆ ಏನಾದರೂ ಮಾಡೋಣ ಎಂದು ಹೊರಟರು. ಆ ಸಂಸ್ಥೆಯ ನಿಯಮದಲ್ಲಿ ನನಗೆ ಹಿಡಿಸಿದ್ದು ಒಂದು: 40 ವರ್ಷ ತುಂಬಿದ ಮೇಲೆ ನೀವು ಜಾಗ ಬಿಡಬೇಕು. ಅಮೆರಿಕದಲ್ಲಿ 1938ರಿಂದ ಅವರು ವರ್ಷಕ್ಕೆ ಹತ್ತು ಮಂದಿ ಯುವಕರ ಪಟ್ಟಿ ಮಾಡತೊಡಗಿದರು. 1946ರ ಪಟ್ಟಿಯಲ್ಲಿ ಜಾನ್ ಎಫ್. ಕೆನಡಿ ಎಂಬ ಹೆಸರು ಇದೆ. ಆತ ಅಧ್ಯಕ್ಷರಾಗಿ ಆರಿಸಿ ಬಂದಿದ್ದು 1960ರಲ್ಲಿ. ಹದಿನಾಲ್ಕು ವರ್ಷ ಮೊದಲೇ ಯಾರದೋ ಕಣ್ಣಿಗೆ ಬಿದ್ದಿದ್ದರು. ಈಗ ಪತ್ರಿಕೆಗಳೂ, ಟಿವಿಯವರೂ, ವಾಣಿಜ್ಯ ಸಂಘಗಳೂ ‘ನಲವತ್ತರೊಳಗಿನ ನಲವತ್ತು ಮಂದಿ’ ಎಂದು ಪಟ್ಟಿ ತರುತ್ತಾರೆ. ಆ ಪಟ್ಟಿಯಲ್ಲಿ ಹೆಸರು ಬಂದವರಿಗೆ ಹೊಸ ಕೆಲಸ ಸಿಗುತ್ತದೆ, ಕಂಪನಿ ಕಟ್ಟಲು ಬಂಡವಾಳ ಸಿಗುತ್ತದೆ. ಇದು ಒಳ್ಳೆಯದೇ.

ಆದರೆ ನಗರ ಈ ಗುರುತಿಸುವುದನ್ನೂ ಮಾರಾಟಕ್ಕೆ ಇಟ್ಟಿದೆ. ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ದಂತವೈದ್ಯೆ. ಕ್ಲಿನಿಕ್ ತೆರೆದು ಎರಡು ವರ್ಷವಾಗಿತ್ತು. ಒಂದು ದಿನ ಅವಳಿಗೆ ಫೋನು: ‘ಮೇಡಂ, ರಾಜ್ಯದ ಉದಯೋನ್ಮುಖ ದಂತವೈದ್ಯರ ಪಟ್ಟಿಗೆ ತಾವು ಆಯ್ಕೆಯಾಗಿದ್ದೀರಿ, ಪಂಚತಾರಾ ಹೋಟೆಲಿನಲ್ಲಿ ಕಾರ್ಯಕ್ರಮ, ಸಿನಿಮಾ ನಟರಿಂದ ಪ್ರಶಸ್ತಿ ಪ್ರದಾನ.’ ಅವಳಿಗೆ ಸಂತೋಷ. ಎರಡನೆಯ ಫೋನಿನಲ್ಲಿ ನೋಂದಣಿ ಶುಲ್ಕದ ಮಾತು ಬಂತು. ಮೂರನೆಯದರಲ್ಲಿ ಸ್ಮರಣ ಸಂಚಿಕೆಗೆ ಒಂದು ಪುಟ ಜಾಹೀರಾತು. ‘ಚಿಕ್ಕಪ್ಪ, ನನ್ನ ಸಾಲದ ಕಂತಿಗಿಂತ ಪ್ರಶಸ್ತಿಯ ಕಂತೇ ಜಾಸ್ತಿ ಆಗುತ್ತಲ್ಲ’ ಅಂದಳು. ಬೇಡ ಅಂದಳು. ಬೇಡ ಅನ್ನದವರೂ ಇದ್ದಾರೆ, ಅವರನ್ನು ನಾನು ಬೈಯುವುದಿಲ್ಲ. ಗೊತ್ತು ಗುರಿ ಇಲ್ಲದ ಊರಿನಲ್ಲಿ ಹೊಸದಾಗಿ ಬೋರ್ಡು ಹಾಕಿಕೊಂಡವರಿಗೆ ಗೋಡೆಯ ಮೇಲೊಂದು ಫಲಕ ಬೇಕೆನಿಸುತ್ತದೆ. ಇನ್ನು ಕೆಂಪೇಗೌಡರ ಹೆಸರಿನಲ್ಲಿ ಬೆಂಗಳೂರಿನ ಪಾಲಿಕೆ ಕೊಡುತ್ತಿದ್ದ ಪ್ರಶಸ್ತಿಯ ಪಟ್ಟಿ ನೂರಾರು ಹೆಸರಿಗೆ ಬೆಳೆದು, ವೇದಿಕೆಯ ಮೇಲೆ ಗೊಂದಲವಾಗಿ ಪತ್ರಿಕೆಯಲ್ಲಿ ಬಂದದ್ದನ್ನು ನೀವೂ ಓದಿರಬಹುದು. ಎಲ್ಲರನ್ನೂ ಗುರುತಿಸುವುದೆಂದರೆ ಯಾರನ್ನೂ ಗುರುತಿಸದ ಹಾಗೆಯೇ.

ಸರ್ಕಾರದ ಕಡೆ ನೋಡಿದರೆ ತೊಂದರೆ ಬೇರೆ ಥರದ್ದು. ಅಲ್ಲಿ ತಡ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಅದರ ಪ್ರಕಾರ 21 ವರ್ಷ ತುಂಬಿದ ಹುಡುಗಿ ಗ್ರಾಮ ಪಂಚಾಯಿತಿಗೆ ನಿಲ್ಲಬಹುದು, ಗೆದ್ದು ಅಧ್ಯಕ್ಷೆಯೂ ಆಗಬಹುದು. ರಾಜ್ಯೋತ್ಸವ ಪ್ರಶಸ್ತಿಗೆ ಸಾಮಾನ್ಯವಾಗಿ ಪರಿಗಣಿಸುವುದು 60 ದಾಟಿದವರನ್ನು. ಊರು ಆಳಲು 21 ಸಾಕು, ಚೆನ್ನಾಗಿ ಆಳಿದೆ ಎಂದು ಬೆನ್ನು ತಟ್ಟಿಸಿಕೊಳ್ಳಲು 60 ಆಗಬೇಕು. ನಡುವಿನ ಮೂವತ್ತೊಂಬತ್ತು ವರ್ಷ ಏನು ಮಾಡಬೇಕು? ಹಿರಿಯರಿಗೆ ಪ್ರಶಸ್ತಿ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಕೃತಜ್ಞತೆ, ಅದಕ್ಕೆ ಅದರದೇ ಬೆಲೆ ಇದೆ. ಬೆಳೆಯುವವರಿಗೆ ಅದರಿಂದ ನೀರು ಸಿಗುವುದಿಲ್ಲ, ಅಷ್ಟೇ.

ನಮಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಕಾಲುಸಂಕ ಅಂದರೆ ಏನು ಅಂತ ಬೆಂಗಳೂರಿನಲ್ಲಿ ವಿವರಿಸಬೇಕಾಗುತ್ತದೆ, ಇಲ್ಲಿ ಬೇಕಿಲ್ಲ. ಆಷಾಢದಲ್ಲಿ ಹಳ್ಳ ತುಂಬಿದಾಗ ಎರಡು ಅಡಿಕೆ ಮರ ಜೋಡಿಸಿದ ಸಂಕದ ಮೇಲೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ದಾಟಿ ಈ ಶಾಲೆಗೆ ಬಂದವರು ಇಲ್ಲಿ ಎಷ್ಟು ಜನ ಇಲ್ಲ! ಘಟ್ಟದ ಕೆಳಗೆ ಸುಳ್ಯದಲ್ಲಿ ಗಿರೀಶ್ ಭಾರದ್ವಾಜ್ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಇದ್ದರು. ಮಂಡ್ಯದಲ್ಲಿ ಓದಿ, ಊರಿಗೆ ಮರಳಿ ಒಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದರು. 1989ರಲ್ಲಿ ಅರಂಬೂರಿನ ಜನ ಅವರ ಹತ್ತಿರ ಹೋಗಿ ಪಯಸ್ವಿನಿ ಹೊಳೆಗೆ ಒಂದು ಸೇತುವೆ ಮಾಡಿಕೊಡಿ ಎಂದು ಕೇಳಿದರು. ಆಗ ಅವರಿಗೆ ನಲವತ್ತು ತುಂಬಿರಲಿಲ್ಲ. ಸೇತುವೆ ಕಟ್ಟುವ ಸಿವಿಲ್ ಓದಿದವರೂ ಅಲ್ಲ. ಆದರೂ ಅಲ್ಲಿ ತೂಗುಸೇತುವೆ ಎದ್ದಿತು, ಊರಿನವರೇ ಕೈ ಜೋಡಿಸಿದರು. ಆಮೇಲೆ ಅವರು ಕಟ್ಟಿದ ತೂಗುಸೇತುವೆಗಳು ನೂರು ದಾಟಿದವು. ದಿಲ್ಲಿಯಿಂದ ಪದ್ಮಶ್ರೀ ಬಂದದ್ದು 2017ರಲ್ಲಿ.

ಈಗ ಯೋಚಿಸಿ. ಗಿರೀಶ್ ಭಾರದ್ವಾಜರನ್ನು ಮೊದಲು ಗುರುತಿಸಿದವರು ಯಾರು? ನನ್ನ ಪ್ರಕಾರ ಅರಂಬೂರಿನವರು. ಅವರು ಶಾಲು ತೆಗೆದುಕೊಂಡು ಹೋಗಲಿಲ್ಲ. ಒಂದು ಕಷ್ಟ ತೆಗೆದುಕೊಂಡು ಹೋದರು. ‘ಇದು ನಿಮ್ಮಿಂದ ಆಗುತ್ತದೆ’ ಎಂದು ನಂಬಿ ತಮ್ಮ ಮಕ್ಕಳು ನಡೆಯುವ ದಾರಿಯನ್ನೇ ಅವರ ಕೈಗೆ ಕೊಟ್ಟರು. ಅದಕ್ಕೂ ಪದ್ಮಶ್ರೀಗೂ ನಡುವೆ ಇಪ್ಪತ್ತೆಂಟು ವರ್ಷ. ಆ ಮೊದಲನೆಯ ಕೇಳಿಕೆ ಬರದಿದ್ದರೆ ಎರಡನೆಯದಕ್ಕೆ ದಾರಿಯೇ ಇರುತ್ತಿರಲಿಲ್ಲ.

ಶಾಲೆಯ ಸಮಾರಂಭ ಆದ್ದರಿಂದ ಮೇಷ್ಟ್ರುಗಳ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಹುಡುಗ ಮೈಸೂರಿಗೆ ಓದಲು ಹೋಗಿ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ. 1924ರಲ್ಲಿ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಅವನ್ನು ತೋರಿಸಿದ. ಅವರು ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದ ಕಥೆ ನಮ್ಮ ಪಠ್ಯಪುಸ್ತಕಗಳಲ್ಲೇ ಇತ್ತು. ಆ ಹುಡುಗ ಕುವೆಂಪು. ಆದರೆ ಕಸಿನ್ಸ್ ಬಂದರು, ಹೋದರು. ದಿನವೂ ಜೊತೆಗಿದ್ದು ಬೆಳೆಸಿದವರು ಪ್ರೊ. ಟಿ. ಎಸ್. ವೆಂಕಣ್ಣಯ್ಯನವರು. ಕುವೆಂಪು ತಮ್ಮ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ್ದು ಆ ಗುರುವಿಗೆ. ಅದು ಅಚ್ಚಾಗುವ ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ಹತ್ತು ವರ್ಷ ಕಳೆದಿತ್ತು. ಜ್ಞಾನಪೀಠ ಬಂದಾಗ ಫೋಟೋದಲ್ಲಿ ನಿಲ್ಲಲು ಅವರು ಇರಲಿಲ್ಲ. ಗುರುತಿಸುವವರಿಗೆ ಬಹಳ ಸಲ ಹೀಗೇ ಆಗುತ್ತದೆ. ಈ ಶಾಲೆಯಲ್ಲಿ ಐವತ್ತು ವರ್ಷದಲ್ಲಿ ಬಂದುಹೋದ ಎಷ್ಟೋ ಮೇಷ್ಟ್ರುಗಳಿಗೂ ತಾವು ಯಾರನ್ನು ಎಬ್ಬಿಸಿ ನಿಲ್ಲಿಸಿದೆವು ಎಂಬುದು ಗೊತ್ತೇ ಇಲ್ಲ. ವರ್ಗವಾಗಿ ಹೋದರು. ಮಳೆಗಾಲದಲ್ಲಿ ಈ ಕಡೆಗೆ ಬರಲು ಯಾರೂ ಒಪ್ಪದ ಕಾಲದಲ್ಲಿ ಬಂದು, ಬಾಡಿಗೆ ಮನೆಯಲ್ಲಿ ಒದ್ದೆ ಬಟ್ಟೆ ಒಲೆಯ ಮೇಲೆ ಒಣಗಿಸಿಕೊಂಡು ಪಾಠ ಮಾಡಿದವರು ಅವರು.

ಘಟ್ಟದ ಇನ್ನೊಂದು ಮೂಲೆಯಲ್ಲಿ, ಸಾಗರದ ಹೆಗ್ಗೋಡಿನಲ್ಲಿ, 1949ರಲ್ಲಿ ನೀನಾಸಂ ಶುರುವಾದಾಗ ಕೆ. ವಿ. ಸುಬ್ಬಣ್ಣನವರಿಗೆ ಹದಿನೇಳು ವರ್ಷ. ಅಂದರೆ ನಮ್ಮ ಹತ್ತನೆಯ ಕ್ಲಾಸಿನ ಹುಡುಗರಿಗಿಂತ ಎರಡು ವರ್ಷ ದೊಡ್ಡವರು, ಅಷ್ಟೇ. ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಆ ನಲವತ್ತೆರಡು ವರ್ಷ ಆ ಸಂಘವನ್ನು ನಡೆಸಿದ್ದು ಮನಿಲಾದ ಪ್ರಶಸ್ತಿ ಸಮಿತಿಯಲ್ಲ. ಅಡಿಕೆ ಸುಲಿದು ಮುಗಿಸಿ ರಾತ್ರಿ ನಾಟಕಕ್ಕೆ ಬಂದು ಕೂತ ಊರಿನ ಜನ.

ಈಗ ನಮ್ಮ ಕಡೆಗೆ ಬರುತ್ತೇನೆ. ಬೆಂಗಳೂರಿನಲ್ಲಿ ಇರುವವರನ್ನು ಗುರುತಿಸುವುದು ಸುಲಭ. ಅವರ ಹೆಸರಿನ ಹಿಂದೆ ಕಂಪನಿಯ ಹೆಸರು ಇರುತ್ತದೆ, ಹುದ್ದೆ ಇರುತ್ತದೆ. ಊರಿನಲ್ಲಿ ಉಳಿದವರಿಗೆ ಅದು ಇಲ್ಲ. ‘ಮಗ ಏನು ಮಾಡಿಕೊಂಡಿದ್ದಾನೆ?’ ಎಂದು ಕೇಳಿದರೆ ‘ಇಲ್ಲೇ ಇದ್ದಾನೆ’ ಎಂದು ಅಪ್ಪ ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಈ ‘ಇಲ್ಲೇ ಇದ್ದಾನೆ’ ಎಂಬ ಮಾತಿನ ದನಿ ಬದಲಾಗದಿದ್ದರೆ ನಮ್ಮ ಊರುಗಳಲ್ಲಿ ಇನ್ನು ಇಪ್ಪತ್ತು ವರ್ಷಕ್ಕೆ ಮದುವೆಯಾಗದ ಗಂಡುಗಳೂ ಮುದುಕರೂ ಮಾತ್ರ ಉಳಿಯುತ್ತಾರೆ. ಬೀಗ ಹಾಕಿದ ಮನೆಗಳು ಎಷ್ಟಾದವು ಅಂತ ನಿಮ್ಮ ನಿಮ್ಮ ಕೇರಿಯಲ್ಲೇ ಎಣಿಸಿ ನೋಡಿ.

ಇಲ್ಲೇ ಇರುವವರು ಏನು ಮಾಡುತ್ತಿದ್ದಾರೆ? ಜುಲೈ ತಿಂಗಳಿನ ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋದಾಗ, ಕಾಡಿನ ನಡುವೆ ಲೈನ್ ಹುಡುಕಿಕೊಂಡು ಹೋಗಿ ಕಂಬ ಹತ್ತುವ ಮೆಸ್ಕಾಂ ಹುಡುಗರನ್ನು ನೆನೆಸಿಕೊಳ್ಳಿ. ಹಳದಿ ಎಲೆ ರೋಗ ತಿಂದು ಉಳಿದ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. ಕೊನೆ ತೆಗೆಯಲು, ಔಷಧಿ ಹೊಡೆಯಲು ಜನ ಇಲ್ಲ ಎನ್ನುವ ಹೊತ್ತಿಗೆ ಕಾರ್ಬನ್ ಫೈಬರ್ ದೋಟಿ ಹಿಡಿದುಕೊಂಡು ಒಂದಷ್ಟು ಹುಡುಗರು ಬಂದಿದ್ದಾರೆ. ನೆಲದ ಮೇಲೆ ನಿಂತೇ ಐವತ್ತು ಅರುವತ್ತು ಅಡಿ ಎತ್ತರದ ಕೊನೆ ಇಳಿಸುತ್ತಾರೆ. ಬೈಕಿನಲ್ಲಿ ಬರುತ್ತಾರೆ, ಮೊಬೈಲಿನಲ್ಲಿ ದಿನ ಗೊತ್ತು ಮಾಡುತ್ತಾರೆ, ಲೆಕ್ಕ ಬರೆದಿಡುತ್ತಾರೆ. ಇವರು ವೃತ್ತಿಪರರಲ್ಲದೆ ಇನ್ನೇನು? ವಿಟ್ಲದ ಸಿಪಿಸಿಆರ್‌ಐನಲ್ಲಿ ಅಡಿಕೆ ಮರ ಏರುವ ತರಬೇತಿ ಪಡೆದ ಯುವಕರಿಗೆ ‘ಅಡಿಕೆ ಕೌಶಲ್ಯ ಪಡೆ’ ಎಂದು ಹೆಸರಿಟ್ಟರು. ಆ ಹೆಸರು ನನಗೆ ಬಹಳ ಇಷ್ಟವಾಯಿತು. ಕೂಲಿ ಅನ್ನಲಿಲ್ಲ, ಪಡೆ ಅಂದರು. ಹೆಸರಿಡುವುದೂ ಗುರುತಿಸುವುದರ ಒಂದು ಬಗೆ.

ಹಾಗೆಯೇ ಹೆಣ್ಣುಮಕ್ಕಳು. 2010ರಿಂದ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಅವರದು. ಮೊದಮೊದಲು ಸಭೆಗೆ ಅವರ ಬದಲು ಗಂಡಂದಿರು ಬರುತ್ತಿದ್ದರು. ಈಗ ಕಡಿಮೆಯಾಗಿದೆ. ಸಂಘದ ಪುಸ್ತಕ ಬರೆದು ಬರೆದು ಲೆಕ್ಕ ಕಲಿತ ಹೆಂಗಸರು ಪಿಡಿಒ ಎದುರು ಕೂತು ಕ್ರಿಯಾ ಯೋಜನೆ ಓದಿ, ‘ಇದರಲ್ಲಿ ನಮ್ಮ ಮಜಿರೆಯ ರಸ್ತೆ ಎಲ್ಲಿದೆ ಸಾರ್?’ ಎಂದು ಕೇಳುತ್ತಾರೆ. ಅದನ್ನು ಕೇಳಿಸಿಕೊಂಡಾಗ ನಗರದ ದೊಡ್ಡ ದೊಡ್ಡ ಮೀಟಿಂಗುಗಳಲ್ಲಿ ಕೂತ ನನಗೆ ಗೌರವ ಹುಟ್ಟುತ್ತದೆ. ಅಲ್ಲಿ ಇಷ್ಟು ನೇರವಾಗಿ ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು ಇದೆ. ಸಂತೋಷದ ಸಮಾರಂಭದಲ್ಲಿ ಹೇಳಬಹುದೋ ಬಾರದೋ ಎಂದು ಯೋಚಿಸಿದೆ, ಹೇಳಲೇಬೇಕು ಅನಿಸಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಆಮೇಲೆ ವರ್ಷಗಟ್ಟಲೆ ಕಾಡಂಚಿನ ಮನೆಗಳಲ್ಲಿ ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಇತ್ತು. ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ ಹುಡುಗ ಹುಡುಗಿಯರಿದ್ದರು. ಅವರಲ್ಲಿ ಕೆಲವರು ಕಾಡು ಸೇರಿದರು, ಬಂದೂಕು ಹಿಡಿದರು. ಕೆಲವರು ತಿರುಗಿ ಬರಲಿಲ್ಲ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಆರು ಮಂದಿ ಶರಣಾದರಲ್ಲ, ಅವರಲ್ಲಿ ನಮ್ಮ ತಾಲ್ಲೂಕಿನ ಹೆಣ್ಣುಮಗಳೂ ಇದ್ದರು. ಅವರ ದಾರಿ ಸರಿ ಎಂದು ನಾನು ಹೇಳುವುದಿಲ್ಲ. ಆ ದಾರಿಯಲ್ಲಿ ಸತ್ತವರೂ, ಪೊಲೀಸರೂ, ಊರಿನವರೂ, ಎಲ್ಲರೂ ಯಾರದೋ ಮಕ್ಕಳೇ. ಟಿವಿಯಲ್ಲಿ ಆ ಮುಖ ನೋಡಿದಾಗ ನನಗೆ ಬಂದ ಯೋಚನೆ ಇಷ್ಟು: ಜನರ ಪರವಾಗಿ ಎದ್ದು ಮಾತಾಡುವ ಶಕ್ತಿ ಆ ಹುಡುಗಿಯಲ್ಲಿ ಇದೆ ಎಂದು ಮೊದಲು ಕಂಡುಕೊಂಡವರು ಕಾಡಿನಿಂದ ಬಂದರು. ಶಾಲೆ, ಸೊಸೈಟಿ, ಪಂಚಾಯಿತಿ, ನಾವು, ಯಾರೂ ಅವರಿಗಿಂತ ಮೊದಲು ಹೋಗಲಿಲ್ಲ.

ಹಾಗಾದರೆ ಏನು ಮಾಡಬಹುದು ಎಂದು ಕೇಳಿದರೆ, ನನ್ನ ಬಳಿ ದೊಡ್ಡ ಯೋಜನೆ ಇಲ್ಲ. ಹಳೆಯ ವಿದ್ಯಾರ್ಥಿ ಸಂಘದ ಮುಂದೆ ಎರಡು ಮೂರು ಸಣ್ಣ ಬೇಡಿಕೆ ಇಡುತ್ತೇನೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ. ಈ ವರ್ಷ ನಮ್ಮ ಶಾಲೆಯಲ್ಲಿ ಓದಿದವರಲ್ಲಿ, 35ರ ಒಳಗಿನವರು, ಊರಿಗೆ ಉಪಯೋಗವಾಗುವ ಯಾವ ಕೆಲಸ ಮಾಡಿದರು ಎಂಬುದನ್ನು ಯಾರು ಬೇಕಾದರೂ ಬಂದು ಅದರಲ್ಲಿ ಬರೆಯಲಿ. ತಮ್ಮ ಹೆಸರು ತಾವೇ ಬರೆಯಬಾರದು, ಅದೊಂದೇ ನಿಯಮ. ವರ್ಷಕ್ಕೊಮ್ಮೆ ಸಂಘದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ. ಹಾರ ಬೇಡ. ಓದಿ ಮುಗಿಸಿದ ಮೇಲೆ ಅವರಲ್ಲಿ ಒಬ್ಬರಿಗೆ ಒಂದು ಕೆಲಸ ವಹಿಸಿ, ಕೆಲಸಕ್ಕೆ ಬೇಕಾದಷ್ಟು ದುಡ್ಡನ್ನೂ ಕೊಡಿ. ದುಡ್ಡು ನಾವು ಬೆಂಗಳೂರಿನವರು ಒಟ್ಟು ಮಾಡುತ್ತೇವೆ, ಲೆಕ್ಕವನ್ನು ಅವರು ಕೊಡಲಿ. ಶಾಲೆಯ ಹಿಂದಿನ ಹಳ್ಳದ ಸಂಕವೇ ಆಗಲಿ, ಗ್ರಂಥಾಲಯದ ಗೆದ್ದಲು ಹಿಡಿದ ಕಪಾಟೇ ಆಗಲಿ, ಮಳೆಗಾಲದಲ್ಲಿ ದೂರದ ಮಕ್ಕಳನ್ನು ಕರೆತರುವ ಜೀಪೇ ಆಗಲಿ. ಕೆಲಸ ಕೆಟ್ಟರೂ ಕೆಡಲಿ, ಇನ್ನೊಮ್ಮೆ ಅವರಿಗೇ ಕೊಡಿ.

ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಮೂವತ್ತರ ಒಳಗಿನವರಿಗೆ ಕನಿಷ್ಠ ಮೂರು ಸ್ಥಾನ ಇರಲಿ, ಅದರಲ್ಲಿ ಒಬ್ಬರಾದರೂ ಊರಿನಲ್ಲೇ ಇರುವ ಹೆಣ್ಣುಮಗಳಾಗಿರಲಿ. ಜಾಗ ಎಲ್ಲಿದೆ ಅಂದರೆ, ನನ್ನ ಜಾಗ ಇದೆ. ಜೇಸಿಯ ಲೆಕ್ಕದಲ್ಲಿ ನಾನು ಎದ್ದು ಹೋಗಬೇಕಾದ ವಯಸ್ಸು ದಾಟಿ ಬಹಳ ಕಾಲವಾಯಿತು. ಸಮಿತಿಗೆ ಇವತ್ತೇ ಕಾಗದ ಕೊಟ್ಟಿದ್ದೇನೆ, ಕಾರ್ಯದರ್ಶಿಗಳು ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ, ಓದಿದ ಹಾಗೆ ಕಾಣಲಿಲ್ಲ.

ಇನ್ನು ಸನ್ಮಾನ ಪಡೆಯಲಿರುವ ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಒಂದು ಮಾತು. ನಿಮಗೆ ಶಾಲು ಹೊದಿಸುವುದು ನೀವು ದೊಡ್ಡ ಕಂಪನಿಯಲ್ಲಿ ಇದ್ದೀರಿ ಎಂದಲ್ಲ ಎಂದುಕೊಳ್ಳಿ. ಮುಂದೆ ನಿಮ್ಮಿಂದ ಏನೋ ಆಗುತ್ತದೆ ಎಂದು ಈ ಊರು ನಂಬಿದೆ. ಅರಂಬೂರಿನವರು ವರ್ಕ್‌ಶಾಪಿನ ಬಾಗಿಲಿಗೆ ಬಂದ ಹಾಗೆ ಇದು. ಹತ್ತನೆಯ ಕ್ಲಾಸಿನ ಮಕ್ಕಳು ಆ ಕಡೆ ಕೂತಿದ್ದಾರೆ ನೋಡಿ. ಪಿಯುಸಿಗೆ ಏನು ತಗೊಳ್ಳಬೇಕು, ನರ್ಸಿಂಗಿಗೆ ಸಾಲ ಹೇಗೆ ಸಿಗುತ್ತದೆ, ಡಿಪ್ಲೊಮಾ ಮಾಡಿದರೆ ಮುಂದೆ ಏನು, ಇದನ್ನೆಲ್ಲ ಕೇಳಲು ಅವರಿಗೆ ಪರಿಚಯದವರು ಯಾರೂ ಇಲ್ಲ. ಪೇಟೆಯ ಮಕ್ಕಳಿಗೆ ಮಾವ ಇರುತ್ತಾನೆ, ಅತ್ತೆ ಇರುತ್ತಾಳೆ, ಅಪ್ಪನ ಸ್ನೇಹಿತ ಇರುತ್ತಾನೆ. ಇವರಿಗೆ ನೀವೇ ಆಗಬೇಕು. ಹೋಗುವ ಮೊದಲು ನಿಮ್ಮ ಫೋನ್ ನಂಬರನ್ನು ಮುಖ್ಯೋಪಾಧ್ಯಾಯರ ಹತ್ತಿರ ಬರೆಸಿ ಹೋಗಿ, ಭಾನುವಾರ ಯಾವ ಹೊತ್ತಿಗೆ ಎತ್ತುತ್ತೀರಿ ಅಂತಲೂ ಬರೆಸಿ.

ಕೊನೆಯದಾಗಿ ನಿರೂಪಕರಲ್ಲಿ ಒಂದು ವಿನಂತಿ. ಕಾರ್ಯಕ್ರಮ ಪಟ್ಟಿಯಲ್ಲಿ ಸನ್ಮಾನಿತರ ಪರವಾಗಿ ಒಬ್ಬರೇ ಮಾತಾಡುತ್ತಾರೆ ಎಂದಿದೆ. ನಾನು ಎರಡು ನಿಮಿಷ ಮೊದಲೇ ಮುಗಿಸುತ್ತಿದ್ದೇನೆ, ಅಧ್ಯಕ್ಷರೂ ಸ್ವಲ್ಪ ಕಡಿಮೆ ಮಾತಾಡಲು ಒಪ್ಪಿದ್ದಾರೆ. ಆ ಸಮಯವನ್ನು ಎಲ್ಲರಿಗೂ ಹಂಚಿ ಕೊಡಿ. ಧನ್ಯವಾದ ಹೇಳುವುದು ಬೇಡ. ತಾವು ಏನು ಕೆಲಸ ಮಾಡಬೇಕೆಂದಿದ್ದೇವೆ, ಅದಕ್ಕೆ ಊರಿನಿಂದ ಏನು ಬೇಕು, ಅಷ್ಟನ್ನು ಹೇಳಲಿ. ಮೈಕು ಅವರ ಕಡೆಗೆ ದಾಟಿಸಿ.